ಅತ್ತಿಗೆಯ ಗೊಬ್ಬರದ ಗುಡ್ಡೆ

ಕೊಯ್ಲಾದ ಮೇಲೆ ಜೋಳದ ದಂಟಿಗೆ ಬೆಂಕಿ ಹಚ್ಚುವುದು ನಮ್ಮಣ್ಣನ ಹಳೇ ಚಾಳಿ. ಹೋದ ವರ್ಷ ಅತ್ತಿಗೆ ಅವನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡಳು. ದಂಟು ಕೊಚ್ಚಿ, ಸಗಣಿ ನೀರು ಚಿಮುಕಿಸಿ ಗುಡ್ಡೆ ಹಾಕಿದಳು. ವಾರಕ್ಕೊಮ್ಮೆ ಅದಕ್ಕೆ ಹಾರೆ ಚುಚ್ಚಿಟ್ಟು, ಹೊರಗೆಳೆದು ಮುಟ್ಟಿ ನೋಡುತ್ತಿದ್ದಳು.

"ಏನೇ, ಜ್ವರ ನೋಡ್ತಿದ್ದೀಯಾ?" ಎಂದು ಅಣ್ಣ ನಗುತ್ತಿದ್ದ.

"ಹೌದು ರೀ. ಕೈ ಸುಡ್ತಿದೆ. ಒಳಗೆ ಚೆನ್ನಾಗಿ ಬೇಯ್ತಿದೆ."

ಸುಳ್ಳೇಕೆ ಹೇಳಲಿ, ನಾನೂ ನಕ್ಕಿದ್ದೆ. ಆದರೆ ಹಾರೆಗೂ ಜಗ್ಗದಿದ್ದ ಹಿತ್ತಲ ನೆಲಕ್ಕೆ ಆ ಗೊಬ್ಬರ ಬಿದ್ದ ಮೇಲೆ ಈಗ ಬೆರಳೇ ಸಲೀಸಾಗಿ ಇಳಿಯುತ್ತದೆ. ಬದನೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿ ಊರುಗೋಲು ಕೇಳುತ್ತಿವೆ.

ನಿನ್ನೆ ಪಕ್ಕದ ಹೊಲದವನು ತನ್ನ ದಂಟಿಗೆ ಕಡ್ಡಿ ಗೀರಲು ಹೊರಟಿದ್ದ. ಊಟಕ್ಕೆ ಕೂತಿದ್ದ ಅಣ್ಣ ಕಿಟಕಿಯಿಂದ ಅದನ್ನು ಕಂಡವನೇ ಎಂಜಲು ಕೈಯಲ್ಲೇ ಓಡಿದ.

"ಅಯ್ಯೋ, ಹಚ್ಬೇಡಪ್ಪಾ! ಅದು ನನ್ನ ಹೆಂಡ್ತಿಗೆ ಬೇಕು!"