ವಾಗ್ದಾನದ ಚೀಟಿ

ಹೊಸ ವರ್ಷದ ಆರಾಧನೆಯಲ್ಲಿ ನಮ್ಮ ಎಕಂಬಾದ ಚರ್ಚಿನವರು ಒಬ್ಬೊಬ್ಬರೂ ತಟ್ಟೆಯಿಂದ ಒಂದು ವಾಗ್ದಾನದ ಚೀಟಿ ಎತ್ತುತ್ತಾರೆ. ಬಾರದವರ ಪಾಲಿನದನ್ನು ಮನೆಯ ಹಿರಿಯರು ಎತ್ತಬೇಕು. ಅದರಲ್ಲಿರುವ ಬೈಬಲ್ಲಿನ ಮಾತು ವರ್ಷವಿಡೀ ಅವರದು, ಬದಲಾಯಿಸುವಂತಿಲ್ಲ. ಈ ಸಲ ತರಿಸಿದ ಕಟ್ಟಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಚೀಟಿ ಬಂದುಬಿಟ್ಟವು. ಬೀದರಿನಲ್ಲಿ ಇಂಗ್ಲಿಷ್ ಕಲಿಸುವ ತಪ್ಪಿಗೆ ಊರಿಗೆಲ್ಲ ಅರ್ಥ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಎಲ್ಲರೂ ಒಂದು ಫೋನಿಗೆ ಸಮಾಧಾನವಾದರು, ಅಪ್ಪನೊಬ್ಬನನ್ನು ಬಿಟ್ಟು.

ಅವನ ಕೈಯ ಚೀಟಿಯಲ್ಲಿದ್ದ ಮಾತಿಗೆ, "ಫ್ಲರಿಶ್ ಅಂದ್ರ ಉದ್ಧಾರ ಆಗೋದು" ಎಂದು ಫೋನಿನಲ್ಲೇ ಹೇಳಿ ಮುಗಿಸಿದ್ದೆ. ಮರುವಾರ ಅಪ್ಪ ನಮ್ಮೂರ ಕಡೆಯ ಔರಾದ ಬಸ್ಸಿಳಿದು ಬೀದರಿನ ನನ್ನ ಮನೆಗೇ ಬಂದ.

"ಆ ಮಾತು ಬ್ಯಾಡವ್ವಾ ನಿಸ್ಸಿ. ಬ್ಯಾರೆ ಹೇಳು."

ಯಾಕೆಂದು ನನಗೆ ಗೊತ್ತಿತ್ತು. ತಮ್ಮ ಜಾನಿ ಬಿ.ಎಡ್. ಅರ್ಧಕ್ಕೆ ಬಿಟ್ಟು ಭಾಲ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಾಗ, "ನೀ ಜಲ್ಮದಾಗ ಉದ್ಧಾರ ಆಗಂಗಿಲ್ಲ" ಎಂದು ಗಿರಾಕಿಗಳ ಎದುರೇ ಅಪ್ಪ ಕೂಗಾಡಿ ಬಂದಿದ್ದ. ಜಾನಿ ಕ್ರಿಸ್‌ಮಸ್ಸಿಗೂ ಊರಿಗೆ ಬರಲಿಲ್ಲ.

ಗೊಣಗುತ್ತಲೇ ದಪ್ಪ ನಿಘಂಟು ತೆಗೆದೆ. ತೆಗೆದ ಮೇಲೆ ನನಗೇ ಹುಚ್ಚು ಹತ್ತಿತು. ಲ್ಯಾಟಿನ್ನಿನ 'ಹೂ' ಎಂಬ ಪದದಿಂದ ಹುಟ್ಟಿ, ಫ್ರೆಂಚರ ಬಾಯಲ್ಲಿ ಹೊರಳಿ, ಇಂಗ್ಲಿಷಿಗೆ ಬಂದ ಮಾತಂತೆ ಅದು. ಮೊದಲ ಅರ್ಥ ಹೂ ಬಿಡುವುದು. ಸಹಿಯ ಕೊನೆಗೆ ನಾವು ಸುತ್ತಿಸಿ ಎಳೆಯುವ ಗೆರೆಗೂ ಅದೇ ಹೆಸರು! ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಮ್ಮೆಯಾದರೂ ನೋಡಿದ್ದರೆ ಕೇಳಿ.

"ಇದು ಆಗಿಹೋದದ್ದೇನು, ಆಗೋದೇನು?" ಎಂದ ಅಪ್ಪ.

"ಫ್ಲರಿಶ್ಡ್ ಅಂದ್ರ ಹೂ ಬಿಟ್ಟಿತ್ತು. ಫ್ಲರಿಶಿಂಗ್ ಅಂದ್ರ ಈಗ ಬಿಡ್ಲಿಕತ್ತದ. ನಿನ್ನ ಚೀಟ್ಯಾಗ ವಿಲ್ ಫ್ಲರಿಶ್ ಅದ, ಮುಂದ ಬಿಡತದ."

"ಹೂ ಅಷ್ಟೇ? ಕಾಯಿ ಇಲ್ಲ?"

"ಹೂ ಅಷ್ಟೇ. ಸಾಕಲ್ಲ ಈಗ?"

ಅಪ್ಪ ಚೀಟಿಯನ್ನು ಅಂಗೈ ಮೇಲಿಟ್ಟು ತಿರುವಿ ತಿರುವಿ ನೋಡಿದ. ಮುಂದಿದ್ದ ಚಹಾ ಆರಿಹೋಯಿತು.

"ಕಡ್ಲಿ ಹೂವಿಗಿ ಬಂದಾಗ ನೀರು ಬಿಡಂಗಿಲ್ಲ, ನಿಸ್ಸಿ. ಬಿಟ್ರ ಹೂ ಉದರತಾವ. ಬದುವಿನ ಮ್ಯಾಲ ಸುಮ್ಮನ ನಿಲ್ಲಬೇಕು. ನಾ ನೀರು ಬಿಟ್ಟೆ."

"ಯಾವ ಹೊಲಕ್ಕ?"

"ಹೊಲಕ್ಕಲ್ಲವ್ವಾ. ಈ ಚೀಟಿ ನಂದಲ್ಲ, ಜಾನೀದು. ಅವ ಬಂದಿರಲಿಲ್ಲಲ್ಲ, ನಾನೇ ಎತ್ತೀನಿ. ಅರ್ಥ ತಿಳೀದ ಹ್ಯಾಂಗ ಕೊಡಲಿ? ಮತ್ತ ಬೈದಂಗ ಆದ್ರ?"

ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಚೀಟಿಯ ಹಿಂದೆ ಕನ್ನಡದಲ್ಲಿ 'ಹೂ ಬಿಡ್ತದ' ಎಂದು ಬರೆದುಕೊಟ್ಟು, ಬಸ್ ಸ್ಟ್ಯಾಂಡಿನತನಕ ಜೊತೆಗೆ ಹೋದೆ. ಔರಾದ ಬಸ್ಸು ಹೊರಡಲು ನಿಂತಿತ್ತು. ಅಪ್ಪ ಅದನ್ನು ದಾಟಿ ಹೋಗಿ ಭಾಲ್ಕಿ ಬಸ್ಸು ಹತ್ತಿದ.

"ಅವಗ ಏನಂತ ಹೇಳ್ತಿ?" ಕಿಟಕಿಯ ಬಳಿ ನಿಂತು ಕೇಳಿದೆ.

"ಏನೂ ಹೇಳಂಗಿಲ್ಲವ್ವಾ. ಚೀಟಿ ಕೊಟ್ಟು, ಅಂಗಡಿ ಮುಂದ ಸುಮ್ಮನ ನಿಲ್ತೇನಿ."