ಒಡೆದ ಬಂಡೆಯ ತಿರುವು

ಸೈಕಲ್ ತಳ್ಳುತ್ತ ಎದುರಿಗೆ ಬಂದ ಹೆಂಗಸಿನ ಕೈಯಲ್ಲಿದ್ದ ಹಳದಿ ತಲೆವಸ್ತ್ರ ನೋಡಿ ಲೂನಿಸ್ ನಿಂತಲ್ಲೇ ನಿಂತ. ಕೆಂಪಂಚಿನ ಆ ವಸ್ತ್ರ ಅವನ ಹೆಂಡತಿ ಘನೀಮಾಳದು.

"ಇದೆಲ್ಲಿ ಸಿಕ್ತಮ್ಮ?"

"ಮೇಲೆ, ಒಡೆದ ಬಂಡೆ ತಿರುವಲ್ಲಿ. ಪ್ರಪಾತದ ಕಡೆ ಮುಳ್ಳಿಗೆ ಸಿಕ್ಕಿತ್ತು."

"ಅಲ್ಲಿ ಯಾರಾದ್ರೂ ಇದ್ರಾ?"

"ದಟ್ಟ ಮಂಜು ಕವಿದಿತ್ತು ಅಣ್ಣಾ. ನನ್ನ ಸೈಕಲ್ಲೇ ನಂಗೆ ಕಾಣ್ತಿರಲಿಲ್ಲ. ಕೂಗಿದೆ, ಯಾರೂ ಓಗೊಡಲಿಲ್ಲ."

ಚಳಿಗಾಲದಲ್ಲಿ ಹೃದಯದ ಆಪರೇಷನ್ ಆದಮೇಲೆ ಲೂನಿಸ್ ಜುರ್ಜುರಾ ಬೆಟ್ಟ ಹತ್ತಿದ್ದು ಇದೇ ಮೊದಲು. ಮೂವತ್ತು ವರ್ಷ ಘಾಟಿಯಲ್ಲಿ ಬಸ್ಸು ಓಡಿಸಿದವನು ಬೆಳಿಗ್ಗೆಯಿಂದ ಹತ್ತು ಹೆಜ್ಜೆಗೊಮ್ಮೆ ನಿಂತು, ಗಡಿಯಾರ ನೋಡುತ್ತ ನಾಡಿ ಎಣಿಸಿಕೊಳ್ಳುತ್ತಿದ್ದ. ದೇವದಾರು ಮರಗಳು ಮುಗಿಯುವ ಹೊತ್ತಿಗೆ ಘನೀಮಾಳ ತಾಳ್ಮೆಯೂ ಮುಗಿದಿತ್ತು.

"ಡಾಕ್ಟ್ರು ನಡೀರಿ ಅಂದಿದ್ದು. ನೀವು ಗಡಿಯಾರ ರಿಪೇರಿಗೆ ಕೂತಿದೀರಿ."

"ಅವಸರ ಇದ್ರೆ ಒಬ್ಬಳೇ ಹೋಗು. ನನಗೂ ನಿನ್ನ ಕಾಟ ತಪ್ಪುತ್ತೆ," ಎಂದು ಸಿಡುಕಿದ್ದ. ಅವಳು ಒಬ್ಬಳೇ ಮೇಲೆ ಹತ್ತಿ ಹೋಗಿಬಿಟ್ಟಿದ್ದಳು.

ಈಗ ಅವನು ವಸ್ತ್ರ ಕಿತ್ತುಕೊಂಡು ಹತ್ತತೊಡಗಿದ. "ತಡೀರಿ, ನಾನೂ ಬರ್ತೀನಿ," ಎಂದು ಹೆಂಗಸು ಹಿಂದಿನಿಂದ ಕೂಗಿದ್ದು ಕಿವಿಗೆ ಬಿತ್ತು, ಅಷ್ಟೇ. ಹೇಸರಗತ್ತೆಗಳ ಗೊರಸು, ಸೈಕಲ್ ಚಕ್ರ, ಮಳೆನೀರು ಮೂರೂ ಸೇರಿ ಕೊರೆದ ಬೆಟ್ಟದಂಚಿನ ದಾರಿಯಲ್ಲಿ ಕಲ್ಲುಗಳು ಮೊಣಕಾಲೆತ್ತರ ಎದ್ದು ನಿಂತಿದ್ದವು. ಕೆಲವು ಕಡೆ ಅವನು ಕೈಯೂರಿ ಹತ್ತಿದ.

ತಿರುವಿನಲ್ಲಿ ದಾರಿಯ ಅಂಚು ಕುಸಿದಿತ್ತು. ಜಾರಿದ ಗುರುತಿನಲ್ಲಿ ಮಣ್ಣು ಇನ್ನೂ ಹಸಿ. ಅವನು ಬೋರಲು ಮಲಗಿ ಕೆಳಗೆ ಬಗ್ಗಿದ. ಬರೀ ಬಿಳುಪು.

"ಘನೀಮಾ!"

ಕಾಟ ತಪ್ಪುತ್ತೆ ಎಂದ ಬಾಯಿ ಒಣಗಿತ್ತು.

ಆಗ ಗಾಳಿ ತಿರುಗಿತು. ಮೇಲುಗಡೆ ಯಾರೋ ಯಾರನ್ನೋ ಬೈಯುತ್ತಿದ್ದರು.

"ಇಷ್ಟೊಂದು ಸೌದೆ ಹೇರಿದ್ರೆ ಅದರ ಗತಿ ಏನು ಮಾವ? ನಿಮ್ಮ ಬೆನ್ನ ಮೇಲೆ ಹೇರಿದ್ರೆ ಗೊತ್ತಾಗ್ತಿತ್ತು."

ಬೈಯುವುದರಲ್ಲಿ ಅಂಥ ರಾಗ ಇಡೀ ಬೆಟ್ಟಸಾಲಿನಲ್ಲಿ ಒಬ್ಬಳಿಗೇ ಇದ್ದದ್ದು.

ಮುಂದಿನ ಬಂಡೆಯಾಚೆ, ದಾರಿಯಿಂದ ಒಳಗೆ ಸರಿದು, ಹೇಸರಗತ್ತೆಯೊಂದು ನಡುಗುತ್ತ ನಿಂತಿತ್ತು. ಅದರ ಮುದಿ ಒಡೆಯ ಅಕ್ಲಿ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ್ದ. ಬರಿದಲೆಯ ಘನೀಮಾ ಸೌದೆ ಕಟ್ಟು ಬಿಚ್ಚುತ್ತಿದ್ದಳು. ಅಂಗೈಗಳಲ್ಲಿ ಹಗ್ಗ ಉಜ್ಜಿದ ಕೆಂಪು ಬರೆ.

"ಹಿಂಗಾಲು ಎರಡೂ ಪ್ರಪಾತಕ್ಕೆ ಜಾರಿದ್ವು ಮಗಾ," ಎಂದ ಅಕ್ಲಿ. "ಈಯಮ್ಮ ಹಗ್ಗ ಹಿಡಿದು ಜಗ್ಗದಿದ್ರೆ ಕತೆ ಮುಗೀತಿತ್ತು. ತಲೆವಸ್ತ್ರ ಹಾರಿಹೋದ್ರೂ ಕೈ ಬಿಡಲಿಲ್ಲ. ಆಗಿಂದ ಬೈಗುಳ ನಿಂತಿಲ್ಲ."

ಲೂನಿಸ್ ವಸ್ತ್ರ ಚಾಚಿದ. ಅವಳು ವಸ್ತ್ರವನ್ನು ನೋಡಿದಳು, ಅವನ ಮುಖ ನೋಡಿದಳು. ಅವನ ಅಂಗಿಗೆ ಮೆತ್ತಿದ್ದ ಮಣ್ಣನ್ನು ಕೊಡವಿದಳು.

ಸೈಕಲ್ಲಿನ ಹೆಂಗಸು ಏದುಸಿರು ಬಿಡುತ್ತ ಬಂದು ತಲುಪಿದಳು. "ಅಣ್ಣಾ, ಏನು ಓಟ ನಿಮ್ದು! ಅರ್ಧ ದಾರೀಲೆ ಸೈಕಲ್ ಬಿಸಾಕಿ ಬಂದೆ."

"ಯಾರು, ಇವ್ರು ಓಡಿದ್ರಾ?" ಎಂದಳು ಘನೀಮಾ.

ಅಕ್ಲಿ ಚೀಲದಿಂದ ಒಣ ಅಂಜೂರ ತೆಗೆದು ಎಲ್ಲರಿಗೂ ಹಂಚಿದ. ಲೂನಿಸ್ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ ತಲೆಕೆಳಗೆ ಮಾಡಿದ. ಒಂದು ಹಿಡಿ ಜಲ್ಲಿ ಉದುರಿತು. ಕೆಳಗೆ ಮಂಜು ಹರಿಯುತ್ತ, ಊರಿನ ಕೆಂಪು ಹೆಂಚುಗಳು ಒಂದೊಂದಾಗಿ ಕಾಣತೊಡಗಿದವು.