ಏಳನೇ ನಂಬರಿನ ನೇಕಾರ

ಬೆಟಗೇರಿಯ ನೇಕಾರರಿಗೆ ಅಗ್ಗದ ಮನೆ ಕಟ್ಟಿಸಲು ಹೊರಟ ಸಂಘದಲ್ಲಿ ಒಬ್ಬನೇ ಒಬ್ಬ ನೇಕಾರನೂ ಇರಲಿಲ್ಲ. ಅಧ್ಯಕ್ಷರು ಹುಚ್ಚೀರಪ್ಪ ಸಾವಕಾರರು, ಗದಗಿನ ಹತ್ತಿ ವ್ಯಾಪಾರಿ. ನೇಕಾರರ ಮನೆಯ ಕಟ್ಟೆಯ ತನಕ ಹೋಗಿದ್ದರೇ ಹೊರತು ಒಳಗೆ ಇಣುಕಿದವರಲ್ಲ. ಉಳಿದವರು ಅವರು ಹೂಂ ಅಂದದ್ದಕ್ಕೆ ಹೂಂ ಅನ್ನುವವರು. ನಾನು ಸಂಗಪ್ಪ, ಸಂಘದ ಕಾರಕೂನ. ಆ ಹೂಂಗಳನ್ನೆಲ್ಲ ಬರೆದಿಡುವವನು.

ಹಣ ಮಂಜೂರು ಮಾಡಿದ್ದು ಮುಂಬೈ ಸರ್ಕಾರ. ಇಪ್ಪತ್ತು ಮನೆ ಎದ್ದು ನಿಲ್ಲುವಷ್ಟರಲ್ಲಿ ಏಕೀಕರಣವಾಗಿ ನಾವು ಮೈಸೂರು ರಾಜ್ಯದವರಾಗಿದ್ದೆವು. ಪೇಢೆ ಹಂಚಿ ಮುಗಿಯುವುದರೊಳಗೆ ಹೊಸ ಕಚೇರಿಗಳಿಗೆ ಹೊಸ ನೌಕರರು ಬಂದಿಳಿದರು. ಹೆಚ್ಚಿನ ಬಾಡಿಗೆಯ ಆಸೆಗೆ ಬೆಟಗೇರಿಯ ಮನೆಮಾಲೀಕರ ಬಾಯಲ್ಲಿ ನೀರೂರಿತು. ಅಜ್ಜನ ಕಾಲದಿಂದ ಬಾಡಿಗೆಗಿದ್ದ ನೇಕಾರರನ್ನು ಎಬ್ಬಿಸತೊಡಗಿದರು. ಫಕ್ಕೀರವ್ವನ ಸರದಿಯೂ ಬಂತು. ಗಂಡ ಹನಮಪ್ಪ, ಒಂದು ಮಗ್ಗ, ಅಷ್ಟೇ ಅವಳ ಸಂಸಾರ. ಸಂಘದ ಏಳನೇ ನಂಬರಿನ ಮನೆ ಸಿಗದಿದ್ದರೆ ಬೀದಿಯೇ ಗತಿ.

ಮನೆ ತೋರಿಸುವ ದಿನ ಸಾವಕಾರರು ಶಹಾಬಾದ ಕಲ್ಲಿನ ನುಣುಪು ನೆಲವನ್ನು ಧೋತರದ ಚುಂಗಿನಿಂದ ಒರೆಸಿ ತೋರಿಸಿದರು.

"ನೋಡವಾ ಫಕ್ಕೀರವ್ವ, ನಮ್ಮ ಮನ್ಯಾಗೂ ಇಂಥಾ ನೆಲ ಇಲ್ಲ." ಅದು ಶುದ್ಧ ಸುಳ್ಳು.

ಅವಳು ಮೂಲೆ ಮೂಲೆ ನೋಡಿದಳು. "ಸಾವ್ಕಾರ್ರ, ಮಗ್ಗದ ಕುಣಿ ಎಲ್ಲೈತ್ರಿ?"

"ಕುಣಿ ಯಾತಕ್ಕ?"

"ಕುಣ್ಯಾಗ ಕಾಲು ಇಳಿಬಿಟ್ಟು ತುಳದ್ರನ ಮಗ್ಗ ನಡೀತೈತ್ರಿ."

"ಕುರ್ಚಿ ಮ್ಯಾಲೆ ಕುಂತು ನೇಯ್ರಿ. ಸ್ವರಾಜ್ಯ ಬಂದು ಹತ್ತು ವರ್ಷಾತು, ಇನ್ನೂ ಕುಣ್ಯಾಗ ಇಳೀತೀರೇನು?"

ಸಂಘದವರೆಲ್ಲ ನಕ್ಕರು. ನಾನೂ ನಕ್ಕೆ. ಸಂಬಳ ಕೊಡುವವರು ನಗುವಾಗ ಸುಮ್ಮನಿರುವಷ್ಟು ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಬೇರೆ ದಾರಿಯಿಲ್ಲದೆ ಗಂಡ ಹೆಂಡತಿ ಬಂದು ಸೇರಿಕೊಂಡರು. ಮೂರನೇ ದಿನವೇ ಹನಮಪ್ಪ ನಾಲ್ಕು ಹಾಸುಗಲ್ಲು ಎಬ್ಬಿಸಿ ಕುಣಿ ತೋಡಿದ. ವಾರದೊಳಗೆ ಮಗ್ಗದ ಲಾಳಿಯ ಸಪ್ಪಳ ಕೇಳಿಸಿತು, ಅದರ ಹಿಂದೆಯೇ ಸಾವಕಾರರೂ ಬಂದರು. 'ನೆಲ ಅಗೆಯಕೂಡದು' ಎಂಬ ಒಂಬತ್ತನೇ ನಿಯಮವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಅದನ್ನು ನಾನು ಯಾವುದೋ ಪ್ರವಾಸಿ ಬಂಗಲೆಯ ಗೋಡೆ ನೋಡಿ ನಕಲು ಮಾಡಿದ್ದೆ. ನೇಕಾರರಿಗೆ ಅದು ಹೊಂದುತ್ತದೋ ಇಲ್ಲವೋ ಎಂದು ಯೋಚಿಸುವ ಗೋಜಿಗೇ ಹೋಗಿರಲಿಲ್ಲ.

"ಮಗ್ಗ ನಿಂತ್ರ ಉಣ್ಣೂದೇನ್ರಿ?" ಎಂದಳು ಫಕ್ಕೀರವ್ವ.

"ಕುಣಿ ಮುಚ್ಚಿ ಇರ್ರಿ, ಇಲ್ಲಾ ಜಲ್ದಿ ಖಾಲಿ ಮಾಡ್ರಿ," ಎಂದರು ಸಾವಕಾರರು.

ಖಾಲಿ ಮಾಡಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಉಳಿದ ಹತ್ತೊಂಬತ್ತು ಮನೆಯ ನೇಕಾರರೂ ಕುಣಿಯಿಲ್ಲದೆ ಮಗ್ಗ ಹೊತ್ತುಕೊಂಡು ಹೊರಟುಹೋದರು. ಅವರ ಜಾಗಕ್ಕೆ ಕಚೇರಿಯ ಗುಮಾಸ್ತರು, ಶಾಲೆಯ ಮಾಸ್ತರರು, ಸಾವಕಾರರ ಇಬ್ಬರು ಸೋದರಳಿಯಂದಿರು ಸಾಲುಗಟ್ಟಿದರು. ಮನೆ ನೇಕಾರರಿಗೆ ಮಾತ್ರ ಎಂಬ ಸರ್ಕಾರದ ಷರತ್ತೊಂದು ಅಡ್ಡವಿತ್ತು.

"ಎಲ್ಲಾರ ಕಸುಬೂ ನೇಕಾರಿಕಿ ಅಂತ ಬರಿಯಲೇ ಸಂಗಪ್ಪ. ಬೆಂಗಳೂರಿನವರು ಬಂದು ಮಗ್ಗ ಎಣಸ್ತಾರೇನು?" ಎಂದರು ಸಾವಕಾರರು.

ಬರೆದೆ. ಗಣಿತದ ಮಾಸ್ತರರು ನೇಕಾರರಾದರು. ಹೊಲಿಗೆ ಬಿಚ್ಚಿದರೆ ಸೂಜಿಗೆ ದಾರ ಪೋಣಿಸಲಾಗದ ಸೋದರಳಿಯಂದಿರೂ ನೇಕಾರರಾದರು. ಏಳನೇ ನಂಬರಿನ ಮುಂದೆ ನನ್ನ ಹೆಸರನ್ನೇ ಬರೆದುಕೊಂಡೆ. ಇವರಿಗಿಂತ ನಾನು ವಾಸಿ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ತಪ್ಪು.

ದೀಪಾವಳಿಯ ಹೊತ್ತಿಗೆ ಫಕ್ಕೀರವ್ವ ಸಂಘದ ಕಚೇರಿಗೆ ಬಂದಳು. ಊರಾಚೆ ಒಂದು ತಗಡಿನ ಗುಡಿಸಲು ಹಿಡಿದು ಮಗ್ಗ ಹೂಡಿದ್ದರಂತೆ. ಕಡಿಮೆ ದರದ ನೂಲು ಕೊಡುವವರು, ನೇಕಾರಳೆಂದು ಸಂಘದಿಂದ ಬರೆಸಿಕೊಂಡು ಬಾ ಎಂದಿದ್ದರು. ನೂಲು ಸಿಗದಿದ್ದರೆ ಮಗ್ಗ ಮಾರುವುದೊಂದೇ ಉಳಿದಿತ್ತು.

"ಒಂದು ಮಾತು ಬರಕೊಡ್ರಿ ಕಾರಕೂನರ," ಎಂದು ಯಾರಿಂದಲೋ ಬರೆಸಿದ ಅರ್ಜಿಯನ್ನು ಮುಂದಿಟ್ಟಳು.

ಪುಸ್ತಕ ತೆರೆದೆ. ಇಪ್ಪತ್ತು ಮನೆ, ಇಪ್ಪತ್ತು ನೇಕಾರರು. ಇವಳು ನೇಕಾರಳೆಂದು ಬರೆದುಕೊಟ್ಟರೆ, ಇವಳ ಮನೆ ಯಾರಿಗೆ ಹೋಯಿತೆಂದು ನಾಳೆ ಯಾರಾದರೂ ಕೇಳುತ್ತಾರೆ.

"ಏಳನೇ ನಂಬರಿನ್ಯಾಗ ಈಗ ಯಾರದಾರ್ರಿ?" ಎಂದು ಅವಳೇ ಕೇಳಿದಳು.

"ಒಬ್ಬ ನೇಕಾರ," ಎಂದೆ.

"ಪಾಪ, ಅಂವಗರ ಕುಣಿ ತೋಡಾಕ ಬಿಟ್ರೇನ್ರಿ?"

ಪುಸ್ತಕ ಮುಚ್ಚಿದೆ. ಅವಳ ಅರ್ಜಿಯ ಮೇಲೆ 'ಅರ್ಜಿದಾರಳು ನೇಕಾರಳಲ್ಲ' ಎಂದು ಬರೆದು, ಸಹಿ ಮಾಡಿ, ಮಸಿ ಆರಲೆಂದು ಊದಿ ಕೈಗಿತ್ತೆ. ಅವಳಿಗೆ ಓದಲು ಬರುತ್ತಿರಲಿಲ್ಲ.

"ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ," ಎಂದು ಹರಸಿ, ಕಾಗದವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ನೂಲಿನ ಅಂಗಡಿ ಮುಚ್ಚೀತೆಂದು ಲಗುಬಗೆಯಿಂದ ನಡೆದಳು.